ಮುರಿದ ಪ್ಲೇಟು ಹೊತ್ತು ಮಾತಲೆಗೆ

ಬೆಟಗೇರಿ

ನಮ್ಮ ಓಣಿಯಿಂದ ಪರದೇಶಕ್ಕೆ ಹೋದವರು ಒಂದೋ ಹಜ್‌ಗೆ ಹೋದವರು, ಇಲ್ಲವೇ ದುಬೈಗೆ ದುಡಿಯಲು ಹೋದವರು. ನಾನು ಶ್ರೀಲಂಕಾಕ್ಕೆ ಹೋದದ್ದು ಒಂದು ಪ್ರಶ್ನೆ ಕೇಳಲು. ಬಂದ ಮೇಲೆ ಎಲ್ಲರೂ ಸಮುದ್ರ ಹೇಗಿತ್ತು, ಆನೆ ನೋಡಿದಿರಾ ಎಂದು ವಿಚಾರಿಸಿದರು. ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ಒಂದು ಗಳಿಗೆ ಕಂಡೆ. ಆನೆ ಕಾಣಲಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ಬೆಟಗೇರಿಯಲ್ಲಿ ನಮ್ಮದು ಹಳೆಯ ಜೀಪುಗಳ ಗ್ಯಾರೇಜು. ಪಕ್ಕದಲ್ಲೇ ಬಿಡಿಭಾಗಗಳ ಅಂಗಡಿ. ಗ್ಯಾರೇಜನ್ನು ನನ್ನ ಯಜಮಾನರಾದ ರಫೀಕ್ ನಡೆಸುತ್ತಿದ್ದರು, ಅಂಗಡಿಯಲ್ಲಿ ಮೊದಲಿನಿಂದಲೂ ನಾನೇ ಕೂರುತ್ತಿದ್ದೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಗ್ಯಾರೇಜಿನ ಕೆಲಸವೆಲ್ಲ ಬಸಪ್ಪ ಮಿಸ್ತ್ರಿಯದು. ರಫೀಕ್ ಜೊತೆ ಇಪ್ಪತ್ತು ವರ್ಷ ಒಂದೇ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದವರು. ನಾನು ಅವರನ್ನು ಬಸಣ್ಣ ಅನ್ನುತ್ತೇನೆ, ಅವರು ನನ್ನನ್ನು ಭಾಬಿ ಅನ್ನುತ್ತಾರೆ.

ಗದಗ ಬೇರೆ ಜಿಲ್ಲೆಯಾದ ಹೊಸದರಲ್ಲಿ ಹಳೆಯ ಜೀಪುಗಳಿಗೆ ಮತ್ತೆ ಬೇಡಿಕೆ ಬಂತು. ಕಪ್ಪತಗುಡ್ಡದ ಸುತ್ತಿನ ಹಳ್ಳಿಗಳಿಗೆ, ಬಸ್ಸು ಇಳಿಯದ ದಾರಿಗಳಿಗೆ ಅವೇ ಗತಿ. ಮೈ ಗಟ್ಟಿಯಾಗಿರುತ್ತಿತ್ತು, ಎಂಜಿನ್ ಮಾತ್ರ ಸವೆದುಹೋಗಿರುತ್ತಿತ್ತು. ರಫೀಕ್ ಆ ಎಂಜಿನ್ ಇಳಿಸಿ ಜಪಾನಿನ ಡೀಸೆಲ್ ಎಂಜಿನ್ ಕೂಡಿಸುತ್ತಿದ್ದರು. ಒಂದು ಕಂಪನಿಯ ಎಂಜಿನ್ ಇನ್ನೊಂದು ಕಂಪನಿಯ ಗೇರ್‌ಬಾಕ್ಸಿಗೆ ತಾನಾಗಿ ಕೂಡುವುದಿಲ್ಲ. ನಡುವೆ ರೊಟ್ಟಿ ಹಂಚಿನಷ್ಟು ಅಗಲದ, ಬೆರಳು ದಪ್ಪದ ಒಂದು ಅಲ್ಯೂಮಿನಿಯಂ ಪ್ಲೇಟು ಬೇಕು. ಅದರ ಒಂದು ಸಾಲು ತೂತುಗಳು ಎಂಜಿನ್ನಿಗೆ ಹೊಂದುತ್ತವೆ, ಇನ್ನೊಂದು ಸಾಲು ಗೇರ್‌ಬಾಕ್ಸಿಗೆ. ಪ್ಲೇಟು, ಎಂಜಿನ್ ಕೂರುವ ಕೈಗಳು, ಬೋಲ್ಟು, ಪೈಪು ಎಲ್ಲ ಇರುವ ಪೆಟ್ಟಿಗೆಗೆ ನಾವು ಕಿಟ್ ಅನ್ನುತ್ತೇವೆ.

ಆ ಕಿಟ್ ಶ್ರೀಲಂಕಾದ ಮಾತಲೆ ಎಂಬ ಊರಿನಿಂದ ಬರುತ್ತಿತ್ತು. ಮಾಡುತ್ತಿದ್ದವರು ವಿಜೇಪಾಲ ಎಂಬ ಒಬ್ಬರೇ ಮನುಷ್ಯ. ಚೆನ್ನೈಯ ಒಂದು ಬಿಡಿಭಾಗಗಳ ಮೇಳದಲ್ಲಿ ರಫೀಕ್‌ಗೆ ಅವರ ಪರಿಚಯವಾಗಿತ್ತು. “ನಿಮ್ಮ ಗಾಡಿ ಓಡುವ ತನಕ ನಾನಿದ್ದೇನೆ” ಎಂದು ಅವರು ಕೈಹಿಡಿದು ಹೇಳಿದ ಮಾತನ್ನು ರಫೀಕ್ ಪ್ರತಿ ಗಿರಾಕಿಗೂ ಹೇಳುತ್ತಿದ್ದರು. ಹಾಗೆ ಹನ್ನೊಂದು ಜೀಪುಗಳಿಗೆ ಆ ಕಿಟ್ ಹಾಕಿದರು.

ಹತ್ತಿ ಬಿಡಿಸುವ ಹಂಗಾಮಿನಲ್ಲಿ ಆ ಹನ್ನೊಂದರಲ್ಲಿ ಒಂದು, ಡೋಣಿಯ ಯಲ್ಲಪ್ಪನ ಜೀಪು, ಎಂಟು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಗುಡ್ಡದ ಇಳಿಜಾರಿನಲ್ಲಿ ಬರುತ್ತಿತ್ತು. ಪ್ಲೇಟು ಎರಡು ತುಂಡಾಯಿತು. ಎಂಜಿನ್ ಜೋತುಬಿದ್ದು ಬ್ರೇಕಿನ ಪೈಪು ಹರಿಯಿತು. ಯಲ್ಲಪ್ಪ ಗಾಡಿಯನ್ನು ಬದುವಿಗೆ ಗುದ್ದಿ ನಿಲ್ಲಿಸಿದ. ಯಾರೂ ಸಾಯಲಿಲ್ಲ. ಫಕೀರವ್ವ ಎಂಬಾಕೆಯ ಭುಜದ ಎಲುಬು ಮುರಿಯಿತು.

ಮುಂಡರಗಿಯ ಆಸ್ಪತ್ರೆಗೆ ಆಕೆಯನ್ನು ನೋಡಲು ಹೋದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಇಷ್ಟೇ:

“ಉಳಿದ ಗಾಡಿಯೊಳಗೂ ಇದ ಸಾಮಾನ ಐತೇನ್ರಿ?”

“ಐತಿ” ಎಂದೆ.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಉಳಿದ ಹತ್ತೂ ಮಾಲೀಕರಿಗೆ ಗಾಡಿ ನಿಲ್ಲಿಸಿ ಎಂದು ಹೇಳಿದೆ. ನಾಲ್ವರು ನಿಲ್ಲಿಸಿದರು. ಉಳಿದವರಿಗೆ ಹಂಗಾಮು ಮುಖ್ಯವಾಗಿತ್ತು. “ಯಾಕ ಮುರೀತು ಹೇಳ್ರಿ, ಆಮ್ಯಾಲ ನಿಲ್ಲಸ್ತೀವಿ” ಎಂದರು. ನ್ಯಾಯವಾದ ಮಾತು. ಮಾತಲೆಗೆ ಫೋನ್ ಮಾಡಿದರೆ ಆ ನಂಬರೇ ಇರಲಿಲ್ಲ, ಪತ್ರಕ್ಕೆ ಉತ್ತರ ಬರಲಿಲ್ಲ. ಪಾಸ್‌ಪೋರ್ಟು ನನ್ನ ಹತ್ತಿರ ಇತ್ತು; ಹಜ್‌ಗೆಂದು ಇಬ್ಬರೂ ಮಾಡಿಸಿಟ್ಟಿದ್ದೆವು. ಬಸಣ್ಣನಿಗೆ ಹೊಸದಾಗಿ ಮಾಡಿಸಿದೆ. ಹೋಗೋಣ ಅಂದಾಗ ಅವರು ಬಹಳ ಹೊತ್ತು ಸ್ಪ್ಯಾನರ್ ಒರೆಸುತ್ತಾ ನಿಂತಿದ್ದರು.

“ನಾ ಯಾಕ್ರಿ ಭಾಬಿ? ನೀವ ಹೋಗಿ ಕೇಳಿ ಬರ್ರಿ.”

“ಕೇಳಿದ್ದು ನನಗ ತಿಳೀಬೇಕಲ್ರಿ ಬಸಣ್ಣ.”

ವಿಮಾನಕ್ಕೆ ಹೆದರಿದ್ದಾರೆ ಎಂದುಕೊಂಡೆ.

ಕಟುನಾಯಕೆ

ಪ್ಲೇಟಿನ ಎರಡು ತುಂಡುಗಳನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಬಸಣ್ಣನ ಚೀಲದಲ್ಲಿ ಜೋಳದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಡಬ್ಬಿಯ ನಡುವೆ ಇಟ್ಟಿದ್ದೆವು. ಬೆಂಗಳೂರಿನಲ್ಲಿ ಚೀಲ ಯಂತ್ರದೊಳಗೆ ಹೋಗಿ ಸುಮ್ಮನೆ ಹೊರಬಂತು. ಕೊಲಂಬೊದ ಕಟುನಾಯಕೆ ನಿಲ್ದಾಣದಲ್ಲಿ ಮಾತ್ರ ಸುಂಕದ ಅಧಿಕಾರಿಯೊಬ್ಬರು ನಮ್ಮನ್ನು ಬದಿಗೆ ಕರೆದರು. ಸೀರೆ ಬಿಚ್ಚಿದರು. ಎಣ್ಣೆ ಮೆತ್ತಿದ, ಹಲ್ಲು ಹಲ್ಲಾಗಿ ಮುರಿದ ಲೋಹ ನೋಡಿ ಹಿಂದಕ್ಕೆ ಸರಿದರು.

“ಏನಿದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನಗೆ ಬರುವ ಇಂಗ್ಲಿಷೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಪಕ್ಕದ ಮೇಜಿನಲ್ಲಿ ನಮ್ಮ ರೊಟ್ಟಿಗಳನ್ನು ಇನ್ನೊಬ್ಬರು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಬಸಣ್ಣ ಎರಡೂ ಮುಷ್ಟಿಗಳನ್ನು ಜೋಡಿಸಿ, ಒಂದನ್ನು ತೋರಿಸಿ “ಎಂಜಿನ್” ಎಂದರು, ಇನ್ನೊಂದನ್ನು ತೋರಿಸಿ “ಗೇರ್‌ಬಾಕ್ಸ್” ಎಂದರು, ನಡುವಿನ ಸಂದನ್ನು ತೋರಿಸಿ ತುಂಡನ್ನು ಎತ್ತಿಹಿಡಿದರು. ಅಧಿಕಾರಿಯ ಮುಖ ಅರಳಿತು.

“ಓ, ಜೀಪ್! ನನ್ನ ಮಾವನದೂ ಹೀಗೇ ಮಾಡಿಸಿದ ಗಾಡಿ. ಮೂವತ್ತು ವರ್ಷ ಆಯಿತು.”

“ಮುರಿದಿಲ್ಲವೇ?” ನಾನು ಕೇಳಿದೆ.

“ಅದು ಯಾಕೆ ಮುರಿಯುತ್ತದೆ?” ಎಂದು ಅವರು ನಕ್ಕು ಸೀರೆಯನ್ನು ಮತ್ತೆ ಸುತ್ತಿಕೊಟ್ಟರು.

ಆ ನಗು ನನ್ನನ್ನು ಕೊಲಂಬೊ ತನಕ ಹಿಂಬಾಲಿಸಿತು. ಅವರದು ಮುರಿಯದಿದ್ದರೆ ನಮ್ಮದು ಯಾಕೆ ಮುರಿಯಿತು? ರಫೀಕ್ ಕೂಡಿಸಿದ್ದು ತಪ್ಪಾಗಿತ್ತೇ? ಬಸ್ಸಿನಲ್ಲಿ ಬಸಣ್ಣನನ್ನು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, “ಮಾಲೀಕರ ಕೈ ತಪ್ಪು ಮಾಡೂದಲ್ರಿ” ಎಂದರು.

ಕ್ಯಾಂಡಿಯ ರೈಲು

ಅಲ್ಲಿಯ ಅಕ್ಷರಗಳು ನಮ್ಮ ಅಕ್ಷರಗಳ ಬಂಧುಗಳಂತೆ ಕಾಣುತ್ತವೆ. ಅದೇ ದುಂಡು, ಅದೇ ಸುರುಳಿ. ಪ್ರತಿ ಫಲಕವನ್ನೂ ಇನ್ನೇನು ಓದಿಬಿಡುತ್ತೇನೆ ಅನಿಸುತ್ತದೆ, ಓದಲಾಗುವುದಿಲ್ಲ. ಹೀಗೆ ಓದಲು ಹೋಗಿ ನಾವು ಕೊಲಂಬೊದಲ್ಲಿ ಬೇರೆ ರೈಲಿನೊಳಗೆ ಕೂತಿದ್ದೆವು. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ನಮ್ಮ ಟಿಕೀಟು ನೋಡಿ, ನಮ್ಮ ಚೀಲವನ್ನು ತಾನೇ ಎತ್ತಿಕೊಂಡು, ಓಡುತ್ತಾ ಮೇಲುಸೇತುವೆ ದಾಟಿಸಿ ಸರಿಯಾದ ರೈಲಿಗೆ ಹತ್ತಿಸಿದಳು. ಅಷ್ಟು ಭಾರ ಯಾಕೆ ಎಂದು ಕೇಳಲೂ ಇಲ್ಲ. ಅವಳ ರೈಲು ತಪ್ಪಿರಬೇಕು.

ಗದಗದಿಂದ ಹುಬ್ಬಳ್ಳಿಗೆ ಹೋಗುವಾಗ ಕಣ್ಣಿಗೆ ಸಿಗುವುದು ಕಪ್ಪು ನೆಲ ಮತ್ತು ಆಕಾಶ. ಇಲ್ಲಿ ನೆಲವೂ ಕಾಣದು, ಆಕಾಶವೂ ಕಾಣದು, ಎಲ್ಲ ಹಸಿರು. ರೈಲು ಬೆಟ್ಟ ಹತ್ತತೊಡಗಿದಾಗ ಕೆಳಗೆ ತಿರುವುಗಳಲ್ಲಿ ಹಳೆಯ ಜೀಪುಗಳು ಹತ್ತುತ್ತಾ ಇಳಿಯುತ್ತಾ ಇದ್ದವು, ಹಿಂದೆ ತರಕಾರಿ, ಮೇಲೆ ಜನ. ಬೇರೆಯವರು ಕಣಿವೆಯ ಫೋಟೊ ತೆಗೆಯುತ್ತಿದ್ದರು. ನಾನು ಜೀಪುಗಳನ್ನು ಎಣಿಸುತ್ತಿದ್ದೆ. ಒಂದೊಂದು ಇಳಿಜಾರಿಗೆ ಬಂದಾಗಲೂ ಉಸಿರು ಹಿಡಿಯುತ್ತಿದ್ದೆ.

ಅಷ್ಟರಲ್ಲಿ ಫೋನ್ ಬಂತು. ಡೋಣಿಯ ಯಲ್ಲಪ್ಪ.

“ಅಕ್ಕಾರ, ಶಿರಹಟ್ಟಿ ಖಾದರಸಾಬ್ರು ಗಾಡಿ ಮತ್ತ ಹೊರಗ ತಗದಾರ್ರಿ. ಗುಡ್ಡದ ಕಡೆ ಹೋಗೂದನ್ನ ನಾನ ಕಂಡೆ. ಹದಿನಾಕ ಮಂದಿ ಇದ್ರು.”

“ನಿಲ್ಲಸ್ರಿ ಅಂತ ಹೇಳಲಿಲ್ಲೇನು?”

“ಹೇಳಿದ್ನಿರಿ. ‘ನಿನ್ನ ಗಾಡಿ ಮುರದ್ರ ನನ್ನದೂ ಮುರೀಬೇಕೇನು’ ಅಂದ್ರು.”

ಸುರಂಗ ಬಂದು ಫೋನ್ ಕಡಿಯಿತು. ಖಾದರಸಾಬರ ನಂಬರಿಗೆ ಏಳು ಸಲ ಹಚ್ಚಿದೆ. ಎತ್ತಲಿಲ್ಲ. ಬಸಣ್ಣನಿಗೆ ಹೇಳಿದಾಗ ಅವರು ಮುಖದ ಬೆವರು ಒರೆಸಿಕೊಂಡರು. ಹೊರಗೆ ತಂಪು ಗಾಳಿ ಬೀಸುತ್ತಿತ್ತು.

ಪೋಯ

ಮಾತಲೆ ತಲುಪಿದ ಮರುದಿನ ಬೆಳಿಗ್ಗೆ ಹೊರಟರೆ ಊರೆಲ್ಲ ಮುಚ್ಚಿತ್ತು. ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಗೂ ರಜೆ, ಪೋಯ ಅನ್ನುತ್ತಾರೆ. ಗಂಡಸರು ಹೆಂಗಸರು ಮಕ್ಕಳು ಎಲ್ಲ ಬಿಳಿ ಬಟ್ಟೆ ತೊಟ್ಟು, ತಟ್ಟೆಯಲ್ಲಿ ಹೂ ಹಿಡಿದು, ಸದ್ದಿಲ್ಲದೆ ವಿಹಾರದ ಕಡೆ ನಡೆಯುತ್ತಿದ್ದರು. ನಮ್ಮ ಹಬ್ಬಗಳ ಗದ್ದಲಕ್ಕೆ ಒಗ್ಗಿದ ಕಿವಿಗೆ ಆ ಮೌನ ವಿಚಿತ್ರವಾಗಿ ಕೇಳಿಸಿತು. ವಿಜೇಪಾಲರ ವಿಳಾಸ ತೋರಿಸಿದರೆ ಎಲ್ಲರೂ ಒಳ್ಳೆಯ ಮುಖದಿಂದ ತಲೆಯಾಡಿಸಿ, “ನಾಳೆ” ಎಂದರು. ಮನೆಗೆ ಬೀಗವಿತ್ತು, ಅವರೂ ವಿಹಾರಕ್ಕೆ ಹೋಗಿ ದಿನವಿಡೀ ಅಲ್ಲೇ ಇರುತ್ತಾರಂತೆ.

ಇಡೀ ದಿನ ಕಾಯಬೇಕಾಯಿತು. ಗುಡ್ಡದ ಮೇಲೆ ಹದಿನಾಲ್ಕು ಜನ ಇರುವಾಗ ನಾನು ಪರದೇಶದಲ್ಲಿ, ನಾವು ಬಾಡಿಗೆಗೆ ಇಳಿದಿದ್ದ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅಲ್ಲಿಯವರು ಚಹಾಕ್ಕೆ ಹಾಲು ಸಕ್ಕರೆ ಹಾಕದೆ, ಅಂಗೈಯಲ್ಲಿ ಬೆಲ್ಲದ ತುಣುಕು ಇಟ್ಟುಕೊಂಡು ಕಚ್ಚುತ್ತಾ ಕುಡಿಯುತ್ತಾರೆ. ನನ್ನ ಅಜ್ಜಿಯೂ ಬಾಳೆಹೊಸೂರಿನಲ್ಲಿ ಹೀಗೇ ಕುಡಿಯುತ್ತಿದ್ದಳು. ಬೇರೆ ದಿನವಾಗಿದ್ದರೆ ಅದಕ್ಕಾಗಿ ಸಂತೋಷಪಡುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಮನೆಯೊಡತಿ ಅನ್ನದ ಜೊತೆ ಕೆಂಪಗಿನ ಕೊಬ್ಬರಿ ಚಟ್ನಿ ಬಡಿಸಿದಳು. ಬಸಣ್ಣ ಲಿಂಗ ಕಟ್ಟಿಕೊಂಡವರು, ಮೀನು ಮಾಂಸ ಮುಟ್ಟುವವರಲ್ಲ. ಚಟ್ನಿ ತಾನೇ ಎಂದು ಎರಡು ಸಲ ಹಾಕಿಸಿಕೊಂಡರು. ಮೂರನೆಯ ಸಲ ಬಡಿಸುವಾಗ ಆಕೆ ಹರಕು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ, ಇದರ ರುಚಿಯೆಲ್ಲ ಒಣಮೀನಿನ ಪುಡಿಯದು ಎಂದಳು. ನಾನು ಅದನ್ನು ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬಸಣ್ಣ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. ಎದ್ದು ಹೋಗಿ ಬಾಯಿ ತೊಳೆದು ಬಾವಿಕಟ್ಟೆಯ ಮೇಲೆ ಕೂತರು. ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಕಣ್ಣು ಒದ್ದೆಯಾಗಿತ್ತು.

“ಗೊತ್ತಿಲ್ದ ತಿಂದದ್ದು ಪಾಪ ಅಲ್ರಿ ಬಸಣ್ಣ” ಎಂದೆ.

“ಗೊತ್ತಿದ್ದು ಮಾಡಿದ್ದು?” ಎಂದರು.

ಏನೋ ಹಳೆಯ ನೆನಪಿರಬೇಕು ಎಂದುಕೊಂಡೆ.

ವಿಜೇಪಾಲರ ಅಂಗಳ

ಕಾರ್ಖಾನೆ ಇದ್ದ ಜಾಗದಲ್ಲಿ ಮದುವೆಗೆ ಬಾಡಿಗೆ ಕೊಡುವ ಕುರ್ಚಿಗಳು ಒಂದರ ಮೇಲೊಂದು ಪೇರಿಸಿದ್ದವು. ಕುಲುಮೆಯ ಗುಂಡಿಯಲ್ಲಿ ಬಾಳೆಗಿಡ ಬೆಳೆದಿತ್ತು. ಕೇಳಬೇಕಾದ ಪ್ರಶ್ನೆಗೆ ಉತ್ತರ ಕೊಡುವವರೇ ಇಲ್ಲವೇನೋ ಅನಿಸಿತು.

ಆದರೆ ಅವರು ಇದ್ದರು. ಎಪ್ಪತ್ತೈದು ದಾಟಿದ, ತೆಳ್ಳಗಿನ ಮನುಷ್ಯ. ಬಲಗೈ ನಿಲ್ಲದೆ ನಡುಗುತ್ತಿತ್ತು, ಅದನ್ನು ಎಡಗೈಯಿಂದ ಹಿಡಿದುಕೊಂಡೇ ಇದ್ದರು. ಅವರಿಗೆ ಸಿಂಹಳ ಬಿಟ್ಟರೆ ಬೇರೆ ಮಾತು ಕಡಿಮೆ. ಅವರ ಮಗಳು ಸುಜಾತಾ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಹಾಗಾಗಿ ಬಸಣ್ಣನ ಮಾತು ನನ್ನ ಬಾಯಿಂದ ಸುಜಾತಾಗೆ, ಸುಜಾತಾ ಬಾಯಿಂದ ತಂದೆಗೆ ಹೋಗಬೇಕಿತ್ತು.

ರಫೀಕ್ ಹೆಸರು ಹೇಳಿದಾಗ ಮುದುಕರು ಎದೆಯ ಮೇಲೆ ಕೈಯಿಟ್ಟುಕೊಂಡರು. ತೀರಿಕೊಂಡ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನು ಅಪಘಾತದ ಸಂಗತಿ ಹೇಳಿದೆ, ಫಕೀರವ್ವನ ಭುಜದ ಸಂಗತಿ ಹೇಳಿದೆ, ಹತ್ತು ಗಾಡಿಗಳು ಇನ್ನೂ ಇವೆ ಎಂದೆ. ಬಸಣ್ಣ ತುಂಡುಗಳನ್ನು ಮೇಜಿನ ಮೇಲಿಟ್ಟು ದೂರ ಹೋಗಿ ನಿಂತರು.

ವಿಜೇಪಾಲರು ಮುರಿದ ಅಂಚನ್ನು ಬಿಸಿಲಿಗೆ ಹಿಡಿದರು. ದೋಸೆಯ ಮೈಯಲ್ಲಿರುವಂತೆ ಸಣ್ಣ ಸಣ್ಣ ತೂತುಗಳು. ಅವರು ಒಳಗೆ ಹೋಗಿ ಮರದ ಅಚ್ಚೊಂದನ್ನು ತಂದರು. ಮರಳಿನಲ್ಲಿ ಒತ್ತಿ ಎರಕ ಹೊಯ್ಯಲು ಅವರು ಬಳಸುತ್ತಿದ್ದ ಅಚ್ಚು. ಅದರ ಮೇಲೆ ಚಕ್ರದೊಳಗೆ ಒಂದು ಅಕ್ಷರದ ಅವರ ಗುರುತು. ನಮ್ಮ ತುಂಡಿನ ಮೇಲೂ ಅದೇ ಗುರುತಿತ್ತು. ಆಮೇಲೆ ಕಿಟಕಿಯ ಮೇಲಿನಿಂದ ಪ್ಲೇಟಿನ ಅಗಲಕ್ಕೆ ಸರಿಯಾಗಿ ಎರಡೂ ತುದಿ ಬಾಗಿಸಿದ ಒಂದು ತಗಡಿನ ಅಳತೆಪಟ್ಟಿ ತೆಗೆದು, ಎರಡು ತುಂಡುಗಳನ್ನು ಜೋಡಿಸಿ ಅದರ ಬಾಯೊಳಗೆ ಇಟ್ಟರು. ಪ್ಲೇಟು ಬಿಗಿಯಾಗಿ ಕೂರಬೇಕಿತ್ತು. ಅಲುಗಾಡಿತು.

ಅವರು ಮಗಳಿಗೆ ನಿಧಾನವಾಗಿ ಹೇಳಿದರು. ಸುಜಾತಾ ನನ್ನತ್ತ ತಿರುಗಲು ಹಿಂಜರಿದರು.

“ಅಪ್ಪ ಹೇಳುತ್ತಾರೆ, ಲೋಹ ತಣಿಯುವಾಗ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಮರದ ಅಚ್ಚನ್ನು ತುಸು ದೊಡ್ಡದಾಗಿ ಮಾಡಿರುತ್ತೇವೆ. ನನ್ನ ಪ್ಲೇಟನ್ನೇ ಅಚ್ಚಾಗಿ ಬಳಸಿ ಇನ್ನೊಂದು ಹೊಯ್ದರೆ ಅದು ನನ್ನದಕ್ಕಿಂತ ಸಣ್ಣದಾಗುತ್ತದೆ. ತೂತು ಹೊಂದದೆ ಅರದಿಂದ ತಿಕ್ಕಿ ಅಗಲ ಮಾಡಬೇಕಾಗುತ್ತದೆ. ಇದನ್ನು ಹಾಗೆ ಮಾಡಿದ್ದಾರೆ. ಲೋಹವೂ ಗುಜರಿಯದು. ಇದು ನಾನು ಮಾಡಿದ್ದಲ್ಲ.”

ನನಗೆ ಮೊದಲು ಬಂದದ್ದು ಸಿಟ್ಟು. ಯಾರೋ ರಫೀಕ್‌ಗೆ ನಕಲಿ ಮಾಲು ಕೊಟ್ಟು ಮೋಸ ಮಾಡಿದ್ದಾರೆ ಎಂದುಕೊಂಡು ಬಸಣ್ಣನ ಕಡೆ ತಿರುಗಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು.

“ಭಾಬಿ, ಯಾರೂ ಮೋಸ ಮಾಡಿಲ್ರಿ. ಮೂರು ಪ್ಲೇಟ ನಾವ ಹೊಯ್ಸಿದ್ವಿ.”

“ನಾವ ಅಂದ್ರ?”

“ಮಾಲೀಕರು, ನಾನು. ಕಡೀಕ ಇಲ್ಲಿಂದ ಮಾಲ ಬರೂದ ನಿಂತಿತ್ತು. ಐದು ಗಾಡಿ ಬಿಚ್ಚಿ ಇಟ್ಟಿದ್ವಿ, ಪ್ಲೇಟ ಎರಡ ಉಳದಿದ್ವು, ಆ ಮಂದಿ ದಿನಾ ಬಂದು ಕುಂಡ್ರತಿದ್ರು. ಮಾಲೀಕರು ಪತ್ರದ ಮ್ಯಾಲ ಪತ್ರ ಬರದ್ರು. ಉತ್ತರ ಬರಲಿಲ್ಲ. ಕಡೀಕ ಅದರಾಗಿಂದ ಒಂದನ್ನ ಮರಳಿನ್ಯಾಗ ಒತ್ತಿ ಮೂರು ಹೊಯ್ಸಿದ್ವಿ. ಗುರುತೂ ಅದ ಬಂತು. ಎಲ್ಲಾ ಒಂದ ಕಪಾಟಿನ್ಯಾಗ ಇಟ್ವಿ. ಯಾವುದು ಯಾವ ಗಾಡಿಗೆ ಹೋತು ನನಗ ಖರೆ ಗೊತ್ತಿಲ್ರಿ.”

“ನನಗ ಯಾಕ ಹೇಳಲಿಲ್ಲ?”

“ಮುರದದ್ದು ಇವರದ ಆಗಿರ್ಲಿ ಅಂತ ದೇವರಿಗೆ ಬೇಡ್ಕೋತ ಬಂದೆ. ಮಾಲೀಕರ ಹೆಸರು ಉಳೀತಿತ್ತಲ್ರಿ.”

ಅಂಗಳದಲ್ಲಿ ಒಂದು ಕೋಳಿ ಕುರ್ಚಿಗಳ ಕೆಳಗೆ ಕೆದರುತ್ತಿತ್ತು. ಸುಜಾತಾ ಕೇಳಿದರು, “ಅವರು ಏನಂದರು?”

ಆ ಮನೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ‘ಯಾರು ಮಾಡಿದರೋ ಗೊತ್ತಿಲ್ಲವಂತೆ’ ಎಂದರೆ ಸಾಕಿತ್ತು. ನಡುಗುವ ಕೈಯ ಆ ಮುದುಕರು ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ಗುರುತು ಹೊತ್ತ ಪ್ಲೇಟೊಂದು ಎಂಟು ಹೆಣ್ಣುಮಕ್ಕಳನ್ನು ಕೊಲ್ಲುವುದರಲ್ಲಿತ್ತು. ಮೂರು ದಿನದಿಂದ ನಾನೇ ಮನಸ್ಸಿನಲ್ಲಿ ಅವರನ್ನು ಬೈಯುತ್ತಾ ಬಂದಿದ್ದೆ.

“ಮಾಡಿದ್ದು ನನ್ನ ಗಂಡ” ಎಂದೆ. ಆಮೇಲೆ ಬಸಣ್ಣ ಹೇಳಿದ್ದೆಲ್ಲವನ್ನೂ ಹೇಳಿದೆ.

ವಿಜೇಪಾಲರು ಎದ್ದು ಹಿತ್ತಲಿಗೆ ಹೋದರು. ಹೊರಟುಹೋಗಿ ಎನ್ನುತ್ತಾರೆ ಎಂದು ನಾನು ಚೀಲದ ಬಾಯಿ ಕಟ್ಟತೊಡಗಿದೆ. ಅವರು ಬಂದಾಗ ಮುಖ ತೊಳೆದಿದ್ದರು.

“ಪತ್ರಗಳು ಬಂದಿದ್ದವು” ಎಂದರು. ಸುಜಾತಾ ಆ ಮಾತನ್ನು ನನಗೆ ಹೇಳುವ ಮೊದಲು ತಂದೆಯನ್ನೇ ದಿಟ್ಟಿಸಿದರು. ಅವರಿಗೂ ಅದು ಹೊಸ ಸುದ್ದಿ. “ಆ ವರ್ಷ ಕೈ ನಡುಗಲು ಶುರುವಾಯಿತು. ಕರಗಿದ ಲೋಹ ಕಾಲ ಮೇಲೆ ಚೆಲ್ಲಿತು. ಕುಲುಮೆ ಮುಚ್ಚಿದೆ. ಗಾಡಿ ಓಡುವ ತನಕ ಇರುತ್ತೇನೆ ಎಂದವನು ಇನ್ನು ಆಗುವುದಿಲ್ಲ ಎಂದು ಬರೆಯಲು ನಾಚಿದೆ. ಆಗುವುದಿಲ್ಲ ಎಂದು ಒಂದು ಸಾಲು ಬರೆದಿದ್ದರೆ ನಿಮ್ಮ ಗಂಡ ಬೇರೆ ದಾರಿ ಹುಡುಕುತ್ತಿದ್ದರು.”

ನಾನು ಅಳಬಾರದು ಎಂದುಕೊಂಡಿದ್ದೆ. ಆಗಲಿಲ್ಲ. ರಫೀಕ್ ಸತ್ತ ಮೇಲೆ ಅವರ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಸಿಟ್ಟಿನ ಹಿಂದೆಯೇ, ಉತ್ತರಕ್ಕಾಗಿ ಅಂಚೆಯವನ ದಾರಿ ನೋಡುತ್ತಾ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಅವರ ಬೆನ್ನು ನೆನಪಾಯಿತು. ಯಾರ ಪತ್ರ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮಾತಲೆ, ಮರುದಿನ

ಮರುದಿನವೂ ಬರಲು ಹೇಳಿದರು. ಹೋದಾಗ ಅಂಗಳದ ಕುರ್ಚಿಗಳನ್ನು ಬದಿಗೆ ಸರಿಸಿ ಜಾಗ ಮಾಡಿದ್ದರು. ಅವರು ಬಸಣ್ಣನನ್ನು ಎದುರಿಗೆ ಕೂರಿಸಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಎರಕದ ಪಾಠ ಹೇಳಿದರು. ಯಾವ ಲೋಹ ಬೇಕು, ಎಲ್ಲಿಂದ ಹೊಯ್ಯಬೇಕು, ಗಾಳಿ ಎಲ್ಲಿಂದ ಹೊರಹೋಗಬೇಕು, ತಣಿದ ಮೇಲೆ ತಟ್ಟಿದಾಗ ಹೇಗೆ ಸದ್ದು ಬರಬೇಕು. ನಾನೂ ಸುಜಾತಾನೂ ಮೊದಮೊದಲು ಅನುವಾದ ಮಾಡಿದೆವು. ಸ್ವಲ್ಪ ಹೊತ್ತಿಗೆ ನಮ್ಮ ಅಗತ್ಯವೇ ಬೀಳಲಿಲ್ಲ. ಬಸಣ್ಣ “ಹಿಂಗ?” ಅನ್ನುವುದು, ಅವರು “ಹೊಂದಯಿ” ಅನ್ನುವುದು. ಅಂದರೆ ಸರಿ ಎಂದು. ನಮ್ಮ ‘ಹೊಂದಿತು’ ಎಂಬ ಮಾತಿಗೆ ಅದು ಎಷ್ಟು ಹತ್ತಿರ ಎಂದು ಬಸಣ್ಣನೇ ನನಗೆ ತೋರಿಸಿದರು. ಊರು ಬಿಟ್ಟ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

ಹೊರಡುವಾಗ ವಿಜೇಪಾಲರು ತಗಡಿನ ಅಳತೆಯನ್ನು ನನ್ನ ಕೈಗಿಟ್ಟರು. “ಗಾಡಿಯ ಕೆಳಗೆ ಮಲಗಿ ಪ್ಲೇಟಿನ ಎರಡೂ ಬದಿಗೆ ಚಾಚಿರುವ ಕಿವಿಗಳಿಗೆ ಇದನ್ನು ಹಿಡಿಯಿರಿ. ಬಿಗಿಯಾದರೆ ನನ್ನದು, ಸಡಿಲಾದರೆ ನಿಮ್ಮದು.” ಆಮೇಲೆ ಮರದ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಉಳಿ ಕೇಳಿದರು. ಕೈ ನಡುಗುತ್ತಿದ್ದರಿಂದ ಮಗಳು ಮಣಿಕಟ್ಟು ಹಿಡಿದರು. ಚಕ್ರದೊಳಗಿನ ತಮ್ಮ ಅಕ್ಷರವನ್ನು ಅವರು ಚೂರು ಚೂರಾಗಿ ಕಿತ್ತರು. ಮರದ ಸಿಪ್ಪೆ ಪಂಚೆಯ ಮೇಲೆ ಬಿತ್ತು.

“ಇನ್ನು ಇದು ಮುರಿದರೆ ಜನ ಯಾರ ಮನೆಗೆ ಬರಬೇಕೋ ಅವರ ಹೆಸರು ಹಾಕಿ” ಎಂದು ಅಚ್ಚನ್ನು ಬಸಣ್ಣನಿಗೆ ಕೊಟ್ಟರು.

ಶಿರಹಟ್ಟಿ, ಲಕ್ಷ್ಮೇಶ್ವರ

ಊರಿಗೆ ಬಂದವಳು ಚೀಲ ಬಿಚ್ಚದೆ ಶಿರಹಟ್ಟಿಗೆ ಹೋದೆ. ಖಾದರಸಾಬರು ಗಾಡಿಯನ್ನು ಹೊರಡಿಸುತ್ತಿದ್ದರು. ನಾನು ಮುಂದೆ ನಿಂತೆ.

“ಒಂದ ಗಳಿಗಿ ನಿಲ್ರಿ. ಒಳ್ಳೇದಿದ್ರ ಈಗಿಂದೀಗ ಹೋಗ್ರಿ.”

ಅವರು ಗೊಣಗುತ್ತಾ ಇಳಿದರು. ಬಸಣ್ಣ ಕೆಳಗೆ ಹೋದರು, ತಗಡು ಹಿಡಿದರು. ಅದು ಸಡಿಲವಾಗಿತ್ತು. ಸೀಮೆಎಣ್ಣೆಯಿಂದ ತೊಳೆದು ಒರೆಸಿ ಸುಣ್ಣದ ಪುಡಿ ಹಚ್ಚಿದಾಗ, ಬಿರುಕಿನೊಳಗಿನ ಎಣ್ಣೆ ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಕೂದಲೆಳೆಯಂಥ ಗೆರೆಯಾಗಿ ಮೂಡಿತು. ಖಾದರಸಾಬರು ಅಂಗಾತ ಮಲಗಿ ಅದನ್ನು ನೋಡಿದರು. ಎದ್ದವರು ಗಾಡಿಗೆ ಆತು ನಿಂತರು.

“ನಿನ್ನೆ ನನ್ನ ಮಗಳನ್ನ ಕರಕೊಂಡ ಬಂದೀನ್ರಿ ಇದರಾಗ. ಬಸರಿ ಹೆಂಗಸು.”

ಯಾರು ಮಾಡಿದ್ದು ಎಂದು ಹೇಳಿದೆ. ರಫೀಕ್ ಅವರ ಸ್ನೇಹಿತರಾಗಿದ್ದರು. ಅವರು ನನ್ನನ್ನು ಬೈದರು, ರಸ್ತೆಯ ಜನ ತಿರುಗಿ ನೋಡುವಷ್ಟು ಬೈದರು. ನಾನು ಕೇಳಿಸಿಕೊಂಡೆ. ಆಮೇಲೆ ಅವರೇ ಒಳಗಿನಿಂದ ನೀರು ತರಿಸಿ, “ಕುಂಡ್ರಿ” ಎಂದರು.

ಫಕೀರವ್ವನಿಗೂ ಹೇಳಿದೆ, ಯಲ್ಲಪ್ಪನಿಗೂ ಹೇಳಿದೆ. ಗಾಡಿಗಳನ್ನು ಒಂದೊಂದಾಗಿ ನೋಡುತ್ತಾ ಬಂದೆವು. ಎಂಟರಲ್ಲಿ ತಗಡು ಬಿಗಿಯಾಗಿ ಕೂತಿತು. ಮುರಿದದ್ದು ಒಂದು, ಶಿರಹಟ್ಟಿಯದು ಒಂದು. ಉಳಿದದ್ದು ಲಕ್ಷ್ಮೇಶ್ವರದ್ದು. ಅದೇ ಮೂರನೆಯ ಪ್ಲೇಟು ಎಂಬುದಕ್ಕೆ ಇನ್ನು ಅನುಮಾನವಿರಲಿಲ್ಲ. ಅಲ್ಲಿಗೆ ಹೋದರೆ, ಕಾಳಿನ ವ್ಯಾಪಾರಿಯಾದ ಅದರ ಮಾಲೀಕರು ಅಂಗಡಿಯ ಚೀಲಗಳ ನಡುವಿನಿಂದ ತಲೆಯೆತ್ತಿ ಹೇಳಿದರು:

“ಅದನ್ನ ಮಾರಿಬಿಟ್ನೆಲ್ರಿ. ನೀವು ನಿಲ್ಲಸ್ರಿ ಅಂದ್ರಿ, ನಿಂತ ಗಾಡಿ ಇಟ್ಕೊಂಡ ಏನ್ಮಾಡ್ಲಿ? ಸಂತ್ಯಾಗ ಬಂದಾಂವ ಒಯ್ದ. ಕುರಿ ಕಾಯಾಂವ ಅಂದ. ಹೆಸರ ಕೇಳ್ಲಿಲ್ಲ.”

ಮುಂಡರಗಿ ರಸ್ತೆ

ಏಳು ವಾರ ಹುಡುಕಿದೆವು. ಹುಬ್ಬಳ್ಳಿಯಲ್ಲಿ ವಿಜೇಪಾಲರ ಅಚ್ಚಿನಿಂದ ಮೂರು ಪ್ಲೇಟು ಹೊಯ್ಯಿಸಿದೆವು. ಎರಡು ಗಾಡಿಗೆ ಹೋದವು, ಒಂದು ಕಪಾಟಿನಲ್ಲಿ ಉಳಿಯಿತು. ನಾನು ಬಸ್‌ಸ್ಟ್ಯಾಂಡುಗಳಲ್ಲಿ, ಕುರಿಸಂತೆಗಳಲ್ಲಿ, ಕೋಟುಮಚಗಿಯಿಂದ ಡೋಣಿಯವರೆಗಿನ ಚಹಾದಂಗಡಿಗಳಲ್ಲಿ ಖಬರು ಬಿಟ್ಟುಬಂದೆ. ಬಣ್ಣ ಬದಲಿಸಿದ್ದರೆ ಗುರುತು ಹಿಡಿಯುವಂತಿರಲಿಲ್ಲ. ಆದರೆ ಆ ಎಂಜಿನ್ನಿನ ಸದ್ದು ಹಳೆಯ ಜೀಪಿಗೆ ಹೊಂದದ ಸದ್ದು, ನನಗೆ ಗೊತ್ತು. ರಸ್ತೆಯಲ್ಲಿ ಅದು ಕೇಳಿದರೆ ಅಡ್ಡ ನಿಂತು ಕೈಯೆತ್ತುವುದು ರೂಢಿಯಾಯಿತು. ಎಷ್ಟೋ ಜನ ಹುಚ್ಚಿ ಎಂದುಕೊಂಡು ಹಾದುಹೋದರು. ನಿಂತವರ ಗಾಡಿಗಳು ಬೇರೆಯೇ ಆಗಿದ್ದವು.

ಮುಂಡರಗಿಯಲ್ಲಿ ಫಕೀರವ್ವನ ಪಟ್ಟಿ ಬಿಚ್ಚಿದ ದಿನ ಆಕೆಯನ್ನು ನೋಡಿ, ಬಸಣ್ಣನ ಬೈಕಿನ ಹಿಂದೆ ಕೂತು ಬರುತ್ತಿದ್ದೆ. ಇಳಿಹೊತ್ತು. ಎದುರಿನಿಂದ ಹಸಿರು ಬಣ್ಣದ ಜೀಪೊಂದು ಬಂತು. ನಾನು ಬಸಣ್ಣನ ಹೆಗಲು ತಟ್ಟುವ ಮೊದಲೇ ಅವರು ಬೈಕನ್ನು ಅಡ್ಡ ನಿಲ್ಲಿಸಿದ್ದರು. ಹಿಂದೆ ನಾಲ್ಕು ಕುರಿಗಳು, ಮುಂದೆ ನಡುವಯಸ್ಸಿನ ಕುರುಬ, ಅವನ ಪಕ್ಕ ಮಡಿಲಲ್ಲಿ ಕೂಸು ಇಟ್ಟುಕೊಂಡ ಹೆಂಗಸು.

“ಏನ್ರಿ?” ಎಂದ.

“ನಿಮ್ಮ ಗಾಡಿ ಕೆಳಗ ಒಂದ್ಸಲ ನೋಡಬೇಕ್ರಿ, ಅಣ್ಣಾ.”

ಅವನು ನಮ್ಮಿಬ್ಬರನ್ನೂ ಅಳೆಯುವಂತೆ ನೋಡಿ, ಹೂಂ ಎಂದ. ಬಸಣ್ಣ ತಗಡು ಹಿಡಿದು ಕೆಳಗೆ ನುಸುಳಿದರು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. ಕೈ ಸುಡುತ್ತಿತ್ತು, ತೆಗೆಯಲಿಲ್ಲ. ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಬಹಳ ಹೊತ್ತು ಅಲುಗದೆ ಇದ್ದವು.

“ಭಾಬಿ” ಎಂದರು ಕೆಳಗಿನಿಂದ. “ಸಡಲ ಐತ್ರಿ. ಇದ ಅದ.”

ಕುರುಬ ನನ್ನ ಮುಖ ನೋಡಿದ. “ಏನಾತ್ರಿ?”

“ಹೇಳ್ತೀನಿ ಅಣ್ಣಾ. ಮೊದಲ ಗಾಡಿ ಬಂದ್ ಮಾಡಿ ಎಲ್ಲಾರೂ ಇಳೀರಿ.”

ಎಂಜಿನ್ ನಿಂತಿತು. ಅವನ ಹೆಂಡತಿ ಇಳಿಯಲು ಅನುವಾಗಿ, ಕೂಸನ್ನು ನನ್ನ ಕಡೆ ಚಾಚಿದಳು. ನಾನು ಇಸಿದುಕೊಂಡೆ.